ಬೇಗ ಆಗ್ಬಿಡುತ್ತೆ, ಡಾಕ್ಟರ್ ಹತ್ರ ಹೋಗ್ಬೇಕಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಕೇಳೋಕೆ ಮುಜುಗರ ಆಗ್ತಿದೆ ಆದ್ರೆ ಗೊತ್ತಿರೋರ ಹತ್ರ ಕೇಳೋ ಹಾಗೂ ಇಲ್ಲ. ಮದ್ವೆ ಆಗಿ ಕೆಲವು ವರ್ಷ ಆಯ್ತು, ಮೊದಲೆಲ್ಲ ಸರಿಯಾಗೇ ಇತ್ತು, ಈಗ ಸುಮಾರು ತಿಂಗಳಿಂದ ಸೇರಿದ ಒಂದೆರಡು ನಿಮಿಷಕ್ಕೇ ಆಗ್ಬಿಡುತ್ತೆ, ತಡ್ಕೊಳೋಕೆ ಎಷ್ಟು ನೋಡಿದ್ರೂ ಆಗ್ತಿಲ್ಲ. ಈಗೀಗ ಹೆಂಡತಿ ಹತ್ರ ಬಂದ್ರೂ ನಿದ್ದೆ ಬರ್ತಿದೆ ಅಂತ ಮಗ್ಗುಲು ಬದಲಾಯಿಸ್ತೀನಿ, ಅವಳು ಏನೂ ಅನ್ನಲ್ಲ, ಅದೇ ಜಾಸ್ತಿ ಹಿಂಸೆ. ಇದು ಶೀಘ್ರಸ್ಖಲನನಾ? ಎಷ್ಟು ನಿಮಿಷ ಅಂದ್ರೆ ನಾರ್ಮಲ್? ತಾನಾಗೇ ಸರಿಹೋಗುತ್ತಾ ಇಲ್ಲ ಡಾಕ್ಟರ್ ಹತ್ರ ಹೋಗ್ಬೇಕಾ, ಹೋದ್ರೆ ಯಾವ ಡಾಕ್ಟರ್? ಆನ್‌ಲೈನಲ್ಲಿ ಮಾತ್ರೆ, ಸ್ಪ್ರೇ ಎಲ್ಲ ಕಾಣ್ಸುತ್ತೆ, ತಗೊಂಡ್ರೆ ತೊಂದ್ರೆನಾ?

ಉತ್ತರ 1:
ಸರ್, ಮುಜುಗರ ಬೇಡ, ಗಂಡಸರಿಗೆ ಬರೋ ಲೈಂಗಿಕ ತೊಂದ್ರೆಗಳಲ್ಲಿ ಇದು ತುಂಬಾನೇ ಕಾಮನ್. ಮೊದ್ಲು ನಿಮಿಷದ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ನೀಲಿಚಿತ್ರ ನೋಡಿ ಅರ್ಧ ಗಂಟೆ ಆಗ್ಲೇಬೇಕು ಅಂದ್ಕೊಂಡು ಕೊರಗೋರು ಬಹಳ ಜನ ಇದಾರೆ. 2005ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ ಐದು ದೇಶದ 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದಾಗ, ಒಳಗೆ ಹೋದಲ್ಲಿಂದ ಸ್ಖಲನದವರೆಗೆ ಮಧ್ಯದ ಅಂಕಿ ಬಂದಿದ್ದು 5.4 ನಿಮಿಷ ಅಷ್ಟೇ. ಕೆಲವರಿಗೆ ಒಂದು ನಿಮಿಷವೂ ಇಲ್ಲ, ಕೆಲವರಿಗೆ 40 ದಾಟಿತ್ತು.

ಡಾಕ್ಟರುಗಳು ಬರೀ ಗಡಿಯಾರ ನೋಡಲ್ಲ. ಬೇಗ ಆಗುತ್ತಾ, ತಡೆಯೋಕೆ ಆಗ್ತಾ ಇಲ್ವಾ, ಅದ್ರಿಂದ ಮನಸ್ಸಿಗೆ ಸಂಸಾರಕ್ಕೆ ನೋವಾಗ್ತಿದ್ಯಾ, ಈ ಮೂರೂ ಕೇಳ್ತಾರೆ. ಯಾವಾಗ್ಲೋ ಒಂದ್ಸಲ, ಬಹಳ ದಿನ ಆದ್ಮೇಲೆ ಸೇರಿದಾಗ, ಟೆನ್ಶನ್ನಲ್ಲಿದ್ದಾಗ ಬೇಗ ಆದ್ರೆ ಅದು ಕಾಯಿಲೆ ಅಲ್ಲ. ಮೊದಲ ಅನುಭವದಿಂದಲೂ ಹೆಚ್ಚುಕಮ್ಮಿ ಪ್ರತಿ ಸಲ ಒಂದು ನಿಮಿಷದ ಒಳಗೇ ಆಗೋದು ಒಂದು ಬಗೆ, ಅದು ಹುಟ್ಟಿಂದ ಬಂದಿರೋ ದೇಹದ ಸ್ವಭಾವ ಇದ್ದಂಗೆ, ಮೆದುಳಿನ ಸೆರೊಟೋನಿನ್ ಅನ್ನೋ ರಾಸಾಯನಿಕಕ್ಕೂ ಅದಕ್ಕೂ ನಂಟಿದೆ ಅಂತಾರೆ. ಚೆನ್ನಾಗಿದ್ದು ಆಮೇಲೆ ಸುಮಾರು ಮೂರು ನಿಮಿಷಕ್ಕೋ ಅದಕ್ಕಿಂತ ಕಮ್ಮಿಗೋ ಇಳಿಯೋದು ಇನ್ನೊಂದು ಬಗೆ. ನಿಮ್ದು ಎರಡನೇದು ಅನ್ಸುತ್ತೆ, ಅದಕ್ಕೇ ನೀವು ಕಾಯಬೇಡಿ ಅಂತೀನಿ. ಇದ್ದಿದ್ದು ಬದಲಾಯ್ತು ಅಂದ್ರೆ ಹಿಂದೆ ಒಂದು ಕಾರಣ ಇರಬಹುದು. ಥೈರಾಯ್ಡ್ ಜಾಸ್ತಿ ಆಗಿರಬಹುದು (ಎದೆ ಡವಡವ, ಕೈ ನಡುಕ, ತೂಕ ಇಳಿಯೋದು ಇದ್ರೆ ಹೇಳಿ), ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿಲಿ ಊತ ಇರಬಹುದು, ಇಲ್ಲಾ ನಿಮಿರುವಿಕೆ ಸರಿ ಇಲ್ಲದೇ ಎಲ್ಲಿ ಮೆತ್ತಗಾಗ್ಬಿಡುತ್ತೋ ಅಂತ ಆತುರ ಬೀಳೋದು. ಈ ಕೊನೇದು ಬಹಳ ಜನಕ್ಕೆ ತಮಗೇ ಗೊತ್ತಿರಲ್ಲ.

ಉತ್ತರ 2:
ಅಣ್ಣ, ಒಬ್ಬ ಹೆಂಡತಿಯಾಗಿ ಹೇಳ್ತೀನಿ. ನೀವು ಮಗ್ಗುಲು ಬದಲಾಯಿಸಿದಾಗ ಅವರಿಗೆ ಅನ್ಸೋದು ನಿಮ್ಗೆ ಸಮಸ್ಯೆ ಇದೆ ಅಂತಲ್ಲ, ನಾನು ಇವ್ರಿಗೆ ಬೇಡವಾದೆ ಅಂತ. ಎರಡು ನಿಮಿಷಕ್ಕಿಂತ ಅದು ಜಾಸ್ತಿ ನೋಯುತ್ತೆ. ಹಾಸಿಗೇಲಿ ಬೇಡ, ಹಗಲು ಹೊತ್ತಲ್ಲಿ ಕೂತು ಹೇಳಿ, ನಂಗೆ ಹೀಗಾಗ್ತಿದೆ, ಡಾಕ್ಟರಿಗೆ ತೋರಿಸ್ತೀನಿ ಅಂತ. ಸೇರೋದೊಂದೇ ಸುಖ ಅಲ್ಲ, ಕೈ, ಬಾಯಿ, ಮುದ್ದು ಎಲ್ಲ ಇದೆ, ತುಂಬಾ ಹೆಂಗಸರಿಗೆ ಬರೀ ಸೇರೋದ್ರಿಂದ ತೃಪ್ತಿ ಆಗೋದೂ ಇಲ್ಲ.

ಉತ್ತರ 3:
ಮಾತ್ರೆ ಬಗ್ಗೆ ಕೇಳಿದ್ರಲ್ಲ, ದಯವಿಟ್ಟು ಆನ್‌ಲೈನಲ್ಲಿ ಸಿಕ್ಕಿದ್ದು ನುಂಗಬೇಡಿ, ಒಳಗೆ ಏನು ಹಾಕಿರ್ತಾರೋ ಬರೆದೇ ಇರಲ್ಲ. ಡಪಾಕ್ಸೆಟಿನ್ ಅಂತ ಇದಕ್ಕೇ ಇರೋ ಮಾತ್ರೆ ಇದೆ, ಸೇರೋಕೆ ಒಂದರಿಂದ ಮೂರು ಗಂಟೆ ಮುಂಚೆ ತಗೊಳೋದು, ಆದ್ರೆ ಕೆಲವರಿಗೆ ವಾಕರಿಕೆ, ತಲೆಸುತ್ತು, ಎಚ್ಚರ ತಪ್ಪಿ ಬೀಳೋದೂ ಆಗುತ್ತೆ, ಹೃದಯದ ತೊಂದ್ರೆ ಇರೋರು, ಡಿಪ್ರೆಶನ್ ಮಾತ್ರೆ ತಗೊಳೋರು ಮುಟ್ಟಲೇಬಾರದು, ಬೇರೆಯವರೂ ಡಾಕ್ಟರನ್ನ ಕೇಳದೇ ತಗೋಬಾರದು. ಮರಗಟ್ಟಿಸೋ ಕ್ರೀಮು, ಸ್ಪ್ರೇ ಕೂಡ ಕೆಲಸ ಮಾಡುತ್ತೆ, ಹೇಳಿದಷ್ಟು ಹೊತ್ತು ಬಿಟ್ಟು ಸರಿಯಾಗಿ ಒರೆಸ್ಕೋಬೇಕು, ಇಲ್ಲಾಂದ್ರೆ ಹೆಂಡತಿಗೂ ಜೋಮು ಹಿಡಿಯುತ್ತೆ.

ಮನೇಲೇ ಮಾಡೋ ಅಭ್ಯಾಸ ಒಂದಿದೆ. ಇನ್ನೇನು ಆಗೇಬಿಡುತ್ತೆ ಅನ್ನೋ ಸ್ವಲ್ಪ ಮುಂಚೆ ಪೂರ್ತಿ ನಿಲ್ಲಿಸೋದು, ಉಸಿರು ನಿಧಾನ ಬಿಡೋದು, ಆ ಬಿಗಿ ಇಳಿದ್ಮೇಲೆ ಮತ್ತೆ ಶುರು. ಮೊದ್ಲು ಒಬ್ಬರೇ ಕೈಯಲ್ಲಿ, ಆಮೇಲೆ ಹೆಂಡತಿ ಜೊತೆ. 1956ರಿಂದಲೂ ಡಾಕ್ಟರುಗಳು ಹೇಳಿಕೊಡೋದೇ ಇದು. ಮೊದಮೊದಲು ನಿಲ್ಲಿಸೋದು ತಡ ಆಗಿಯೇ ಆಗುತ್ತೆ, ಬಿಡಬೇಡಿ, ವಾರಗಟ್ಟಲೆ ಬೇಕು.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಹೆಂಡತಿ ಹತ್ರ ಮಾತಾಡ್ತೀನಿ. ಡಾಕ್ಟರ್ ಹತ್ರ ಹೋಗಿ ಏನಂತ ಶುರು ಮಾಡ್ಲಿ?

ಉತ್ತರ 1:
ಮಾಮೂಲಿ ನೋಡೋ ಡಾಕ್ಟರೇ ಸಾಕು, ಬೇಕಾದ್ರೆ ಅವ್ರೇ ಯೂರಾಲಜಿಸ್ಟ್ (ಮೂತ್ರ, ಗಂಡಸರ ಜನನಾಂಗದ ತೊಂದ್ರೆ ನೋಡೋ ಡಾಕ್ಟರ್) ಹತ್ರ ಕಳಿಸ್ತಾರೆ, ಚಿಂತೆ, ಭಯವೇ ಜಾಸ್ತಿ ಇದ್ರೆ ಸೈಕಿಯಾಟ್ರಿಸ್ಟ್ ಹತ್ರ. "ಸೇರಿದಾಗ ಬೇಗ ಆಗುತ್ತೆ ಡಾಕ್ಟ್ರೇ, ಮೊದ್ಲು ಹೀಗಿರ್ಲಿಲ್ಲ" ಅಷ್ಟು ಹೇಳಿ, ಮಿಕ್ಕಿದ್ದು ಅವ್ರೇ ಕೇಳ್ತಾರೆ. ಯಾವಾಗಿಂದ, ಒಬ್ಬರೇ ಮಾಡ್ಕೊಂಡಾಗ್ಲೂ ಹೀಗೇನಾ, ನಿಮಿರುವಿಕೆ ಹೇಗಿದೆ, ಯಾವ ಮಾತ್ರೆ ತಗೊಳ್ತೀರಿ, ಕುಡಿಯೋದುಂಟಾ, ಇಷ್ಟು ಯೋಚಿಸ್ಕೊಂಡು ಹೋಗಿ. ಉರಿಮೂತ್ರ, ಸ್ಖಲನ ಆಗುವಾಗ ನೋವು, ವೀರ್ಯದಲ್ಲಿ ರಕ್ತ ಇದ್ರೆ ಕೇಳೋವರೆಗೂ ಕಾಯಬೇಡಿ, ಮೊದಲೇ ಹೇಳಿ.