ಸಿಮೆಂಟ್ ಕಾರ್ಖಾನೆ ಮಾಡೆಲ್ ಆಟಿಕೆ ಥರ ಕಾಣ್ತಿದೆ, ಏನು ಮಾಡಲಿ?

ಕಲಬುರಗಿ_ಎಚ್‌ಓ:
ಎಲ್ಲರಿಗೂ ನಮಸ್ಕಾರ. ಮಹಡಿ ಕೋಣೆಯಲ್ಲಿ ಗೋಡೆಗೆ ಹೊಂದಿಸಿ 8 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ಹಾಕಿ ಎಚ್‌ಓ ಸ್ಕೇಲ್‌ನಲ್ಲಿ (1:87, ಅಂದರೆ ನಿಜದ ಅಳತೆಯ 87ನೇ ಒಂದು ಪಾಲು) ಮಾಡೆಲ್ ರೈಲಿನ ಲೇಔಟ್ ಮಾಡುತ್ತಿದ್ದೇನೆ. ಹಳಿ ಕೂರಿಸಿ ರೈಲು ಓಡಿಸಿದ್ದಾಯಿತು. ಈಗ ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ) ಪಕ್ಕಕ್ಕೆ ಸಿಮೆಂಟ್ ಕಾರ್ಖಾನೆ ಬೇಕು. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಕಡೆ ರೈಲಿನಲ್ಲಿ ಹೋದರೆ ಕಿಟಕಿಯಲ್ಲಿ ಕಾಣುವುದೇ ಅದು ಅಲ್ವಾ? ಕಿಟ್ ಕೊಳ್ಳೋಣವೆಂದರೆ ಎಲ್ಲ ಕೆಂಪು ಇಟ್ಟಿಗೆಯ ಅಮೆರಿಕ, ಜರ್ಮನಿ ಕಟ್ಟಡಗಳು. ನಾನೇ ರಟ್ಟಿನಲ್ಲಿ ಒಂದು ಕಟ್ಟಡ ಮಾಡಿ ಬೂದು ಬಣ್ಣ ಬಳಿದೆ. ಅಳತೆ ಸರಿಯಿದೆ. ಆದರೂ ಆಟಿಕೆ ಥರ ಕಾಣುತ್ತದೆ. ಕಚ್ಚಾ ಪುಡಿಯನ್ನು ಮೊದಲು ಕಾಯಿಸುವ ಪ್ರಿಹೀಟರ್ ಗೋಪುರ ಎಷ್ಟು ಎತ್ತರ ಇಡಬೇಕು? ಧೂಳು ಹೇಗೆ ತೋರಿಸುವುದು?

ಪ್ಯಾಕಿಂಗ್_ಕಾಕಾ:
ತಮ್ಮಾ, ನಾನು ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ಪ್ಲಾಂಟ್‌ನಲ್ಲಿ ದುಡಿದು ರಿಟೈರ್ ಆದವನು. ಈಗ ಮೊಮ್ಮಗನ ನೆಪದಲ್ಲಿ ನನಗೂ ಇದೇ ಹುಚ್ಚು.

ಮೊದಲು ಲೆಕ್ಕ ಹಾಕು. ಪ್ರಿಹೀಟರ್ ಗೋಪುರ 100 ಮೀಟರ್ ಅಂತ ಇಟ್ಟುಕೊಂಡರೆ ನಿನ್ನ ಸ್ಕೇಲ್‌ನಲ್ಲಿ 115 ಸೆಂಟಿಮೀಟರ್ ಆಗುತ್ತದೆ. ಕಿಲ್ನ್, ಅಂದರೆ ಮಲಗಿಸಿದ ಕೊಳವೆಯಂಥ ಸುತ್ತುವ ಕುಲುಮೆ, 65 ಮೀಟರ್ ಇದ್ದರೆ 75 ಸೆಂಟಿಮೀಟರ್. ಕಿಲ್ನ್ ಒಂದರಲ್ಲೇ ನಿನ್ನ ಹಲಗೆಯ ಉದ್ದದ ಸುಮಾರು ಮೂರನೇ ಒಂದು ಪಾಲು ಹೋಯಿತು. ಇನ್ನು ಕಲ್ಲು ಒಡೆಯುವ ಕ್ರಷರ್, ಅದನ್ನು ಪುಡಿ ಮಾಡುವ ರಾ ಮಿಲ್, ಕೂಲರ್, ಸಿಮೆಂಟ್ ತುಂಬಿಡುವ ಸೈಲೋ ಎಲ್ಲಿ ಇಡುತ್ತೀ? ಇಡೀ ಕಾರ್ಖಾನೆ ಕಟ್ಟಲು ಹೋಗಬೇಡ. ರೈಲಿಗೆ ಸಂಬಂಧಪಟ್ಟಷ್ಟೇ ಕಟ್ಟು. ಜನ ಚಿಮಣಿ ಕಂಡ ಕೂಡಲೇ ಕಾರ್ಖಾನೆ ಆಯಿತು ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಯಾವ ವ್ಯಾಗನ್ ಏನು ತಂದಿತು, ಏನು ಒಯ್ದಿತು ಅನ್ನೋದು ಗೊತ್ತಾದರೇನೇ ಅದು ಕಾರ್ಖಾನೆ. ಕಲ್ಲಿದ್ದಲು ಮೇಲೆ ತೆರೆದಿರುವ ಬಾಕ್ಸ್‌ಎನ್ ವ್ಯಾಗನ್‌ನಲ್ಲಿ ಬರುತ್ತದೆ, ಚೀಲದ ಸಿಮೆಂಟ್ ಮುಚ್ಚಿದ ಬಿಸಿಎನ್‌ನಲ್ಲಿ ಹೋಗುತ್ತದೆ. ಸುಣ್ಣದ ಕಲ್ಲು ನಮ್ಮ ನೆಲದಲ್ಲೇ ಇದೆ, ಅದಕ್ಕೆ ರೈಲು ಬೇಕಿಲ್ಲ, ಖಣಿಯಿಂದ ಡಂಪರ್‌ನಲ್ಲೋ ಬೆಲ್ಟ್‌ನಲ್ಲೋ ಬರುತ್ತದೆ. ಹಾಗಾಗಿ ನಿನಗೆ ಬೇಕಾದದ್ದು ಎರಡು ಸೈಲೋ, ಒಂದು ಪ್ಯಾಕಿಂಗ್ ಪ್ಲಾಂಟ್, ಅದರ ಉದ್ದಕ್ಕೂ ಲೋಡಿಂಗ್ ಪ್ಲಾಟ್‌ಫಾರ್ಮ್, ಮೇಲೆ ಹಾದುಹೋಗುವ ಬೆಲ್ಟ್ ಗ್ಯಾಲರಿ (ಸಾಗಣೆ ಬೆಲ್ಟ್ ಇರುವ ಮುಚ್ಚಿದ ಸೇತುವೆ). ಆ ಗ್ಯಾಲರಿ ಹಿಂದಿನ ಗೋಡೆಯೊಳಗೆ ಹೋಗಿ ಮಾಯವಾಗಲಿ. ಆಚೆ ಕಡೆ ದೊಡ್ಡ ಕಾರ್ಖಾನೆ ಇದೆ ಅಂತ ನೋಡುವವರೇ ಊಹಿಸಿಕೊಳ್ಳುತ್ತಾರೆ.

ಪ್ರಿಹೀಟರ್ ಬೇಕೇ ಬೇಕು ಅಂದರೆ ಹಿಂದಿನ ಗೋಡೆಗೆ ಅಂಟಿಸಿ 1:160ರಲ್ಲಿ ಮಾಡು, 62 ಸೆಂಟಿಮೀಟರ್‌ಗೆ ಇಳಿಯುತ್ತದೆ. ಆದರೆ ಅದರ ಕಟಕಟೆ (ಕೈ ಹಿಡಿಯುವ ಕಂಬಿ), ಏಣಿ ಎಲ್ಲ ಅದೇ ಸಣ್ಣ ಸ್ಕೇಲ್‌ನಲ್ಲಿರಲಿ. ಕಣ್ಣು ಅಳತೆ ಹಿಡಿಯುವುದು ಕಟಕಟೆ ನೋಡಿ. ಹತ್ತಿರ ನಿನ್ನ ಎಚ್‌ಓ ಮನುಷ್ಯರನ್ನು ಮಾತ್ರ ನಿಲ್ಲಿಸಬೇಡ.

ಸೈಲೋಗೆ 110 ಎಂಎಂ ಪಿವಿಸಿ ಪೈಪ್ ಸಾಕು, ಲೆಕ್ಕಕ್ಕೆ ಸುಮಾರು ಒಂಬತ್ತೂವರೆ ಮೀಟರ್ ಅಗಲ. ಮೊದಲು ಸ್ಯಾಂಡ್ ಪೇಪರ್‌ನಿಂದ ಉಜ್ಜು. ಹೊಳಪು ಉಳಿದರೆ ಪೈಪ್ ಪೈಪಾಗಿಯೇ ಕಾಣುತ್ತದೆ.

ಈಗ ಧೂಳಿನ ವಿಷಯ. ಇಲ್ಲೇ ಎಲ್ಲರೂ ಒಂದೇ ಬೂದು ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಕಾರ್ಖಾನೆಯೊಳಗೆ ಧೂಳು ಒಂದೇ ಥರ ಇರುವುದಿಲ್ಲ. ಕ್ರಷರ್ ಹತ್ತಿರ ಮಣ್ಣು ಬೆರೆತ ತಿಳಿ ಕಂದು. ಕ್ಲಿಂಕರ್ (ಕಿಲ್ನ್ ಸುಟ್ಟು ಕೊಡುವ ಗಟ್ಟಿ ಉಂಡೆ) ಇರುವಲ್ಲಿ ಕಪ್ಪು ಬೂದು. ಜಿಪ್ಸಮ್ ರಾಶಿ ಕೊಳಕು ಬಿಳಿ. ಪ್ಯಾಕಿಂಗ್‌ನಲ್ಲಿ ತಿಳಿ ಬೂದು. ನಾವು ಕ್ಯಾಂಟೀನಿಗೆ ಬಂದರೆ ಯಾರು ಯಾವ ಸೆಕ್ಷನ್ ಅಂತ ಬೂಟು ನೋಡಿಯೇ ಹೇಳಬಹುದಿತ್ತು.

ಇನ್ನೊಂದು. ಸಿಮೆಂಟ್ ಧೂಳು ಹಿಟ್ಟಿನಂತೆ ಸುಮ್ನೆ ಕೂತಿರುವುದಿಲ್ಲ. ಇಬ್ಬನಿ ಬಿತ್ತು, ಮಳೆ ಬಂತು ಅಂದರೆ ಅಲ್ಲೇ ಗಟ್ಟಿಯಾಗುತ್ತದೆ. ಶೀಟಿನ ತಗ್ಗುಗಳಲ್ಲಿ, ಕಿಟಕಿ ಚೌಕಟ್ಟಿನ ಕೆಳಗಿನ ಅಂಚಿನಲ್ಲಿ, ಬೆಲ್ಟ್ ಗ್ಯಾಲರಿಯ ತೊಲೆಗಳ ಮೇಲೆ ಪದರ ಪದರವಾಗಿ ನಿಲ್ಲುತ್ತದೆ. ಅದಕ್ಕೇ ಬರೀ ಪುಡಿ ಉದುರಿಸಬೇಡ. ಪುಡಿ ಬಣ್ಣಕ್ಕೆ ಸ್ವಲ್ಪ ಮ್ಯಾಟ್ ವಾರ್ನಿಷ್ ಸೇರಿಸಿ ತಗ್ಗಿನಲ್ಲಿ ತುಂಬು, ಒಣಗಿದ ಮೇಲೆ ಒಣ ಪುಡಿ ಹಚ್ಚು. ಸೂರಿನಿಂದ ನೀರು ಇಳಿದ ಕಡೆ ಗೋಡೆ ಮೇಲೆ ಉದ್ದ ಗೆರೆ ಎಳೆ. ಬಣ್ಣ ಹಚ್ಚುವಾಗ ಮಳೆ ಎಲ್ಲಿಂದ ಇಳಿಯಿತು ಅಂತ ಯೋಚಿಸುತ್ತಾ ಹಚ್ಚಿದರೆ ಕೈ ತಾನೇ ಸರಿಹೋಗುತ್ತದೆ.

ಪ್ಲಾಟ್‌ಫಾರ್ಮ್ ಮೇಲೆ ಹರಿದ ಚೀಲ, ಚೆಲ್ಲಿದ ಸಿಮೆಂಟ್ ಮರೆಯಬೇಡ. 50 ಕೆಜಿ ಚೀಲ ನಿನ್ನ ಸ್ಕೇಲ್‌ನಲ್ಲಿ ಸುಮಾರು 8 ಎಂಎಂ ಉದ್ದ. ಎಂ-ಸೀಲ್‌ನಲ್ಲಿ ಮಾಡಿಕೋ, ಒಂದು ಮೂಲೆ ಸ್ವಲ್ಪ ಜೋಲಲಿ.

ಗಂಜ್_ದಾಲ್‌ಮಿಲ್:
ಕಾಕಾ ಹೇಳಿದ್ದು ಸರಿ, ಆದರೆ 2 ಅಡಿ ಅಗಲಕ್ಕೆ ಸಿಮೆಂಟ್ ಯಾಕ್ರೀ? ದಾಲ್ ಮಿಲ್ ಮಾಡಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಬಂದಿದೆ, ಲೇಔಟಿನಲ್ಲಿ ಮಾತ್ರ ಒಬ್ಬರೂ ಮಾಡುವುದಿಲ್ಲ. ತಗಡಿನ ಶೆಡ್ಡು, ಕಾಳು ಮೇಲೆತ್ತುವ ಎಲಿವೇಟರ್, ಹೊಟ್ಟಿನ ರಾಶಿ, ಮುಂದೆ ತೊಗರಿ ಒಣಹಾಕುವ ದೊಡ್ಡ ಅಂಗಳ. ಇಡೀ ಮಿಲ್ ಪೂರ್ಣ ಅಳತೆಯಲ್ಲೇ ಕೂರುತ್ತದೆ. ಬೇಳೆಗೆ ಅರಿಶಿನ ಉದುರಿಸಬೇಡಿ, ಬೆಳಕಿಗೆ ಬಣ್ಣ ಹೋಗುತ್ತದೆ. ಹಳದಿ ಚಾಕ್ ಪುಡಿ ಸಾಕು.

ಕಲಬುರಗಿ_ಎಚ್‌ಓ:
ಕಾಕಾ, ತುಂಬಾ ಉಪಕಾರ ಆಯಿತು. ಪ್ಯಾಕಿಂಗ್ ಪ್ಲಾಂಟ್ ಅಂತಲೇ ನಿರ್ಧಾರ. ಅಣ್ಣಾರೆ, ದಾಲ್ ಮಿಲ್ ಮುಂದಿನ ಹಲಗೆಗೆ! ಇನ್ನೆರಡು ಪ್ರಶ್ನೆ. ಸಿಮೆಂಟ್ ಶೀಟಿಗೆ ರಟ್ಟಿನ ಪೆಟ್ಟಿಗೆಯ ಒಳಗಿನ ಸುಕ್ಕು ಕಾಗದ ಹಾಕಿದರೆ ನಡೆಯುತ್ತದಾ? ನೆಲಕ್ಕೆ ನಮ್ಮ ಹೊಲದ ಕರಿಮಣ್ಣೇ ಬಳಸಬಹುದಾ?

ಶಹಾಬಾದ್_ಫರ್ಸಿ:
ಸುಕ್ಕು ಕಾಗದ ಬೇಡ, ಅಲೆ ತುಂಬಾ ದೊಡ್ಡದು. ನಿಜವಾದ ಸಿಮೆಂಟ್ ಶೀಟಿನಲ್ಲಿ ಅಲೆಯಿಂದ ಅಲೆಗೆ 146 ಎಂಎಂ. 87ರಿಂದ ಭಾಗಿಸಿದರೆ 1.7 ಎಂಎಂ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 12 ಎಂಎಂ ದಪ್ಪದ, ಉದ್ದಕ್ಕೂ ಥ್ರೆಡ್ ಇರುವ ರಾಡ್ ಸಿಗುತ್ತದೆ. ಅದರ ಥ್ರೆಡ್ ಗೆರೆಯಿಂದ ಗೆರೆಗೆ 1.75 ಎಂಎಂ. ರಬ್ಬರ್ ಮ್ಯಾಟ್ ಮೇಲೆ ದಪ್ಪ ಅಲ್ಯೂಮಿನಿಯಂ ಫಾಯಿಲ್ ಹಾಸಿ, ರಾಡ್ ಒತ್ತಿ ಲಟ್ಟಿಸಿ. ಗೆರೆ ಸಾಲಾಗಿ ಬೀಳುತ್ತದೆ. ನಂತರ ಸಣ್ಣ ಶೀಟುಗಳಾಗಿ ಕತ್ತರಿಸಿ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಅಂಟಿಸಿ. ಒಂದೇ ದೊಡ್ಡ ಹಾಳೆ ಹೊದಿಸಿದರೆ ಮತ್ತೆ ಆಟಿಕೆಯೇ.

ಕರಿಮಣ್ಣು ಬಳಸಬಹುದು. ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಹಳೆ ಧೋತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಅದರಲ್ಲಿ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಉಳಿದರೆ ಎಂಜಿನ್ ಮೋಟಾರಿಗೆ ಎಳೆದುಕೊಳ್ಳುತ್ತದೆ. ದಪ್ಪ ಹಾಕಿದರೆ ಫೆವಿಕಾಲ್ ಒಣಗುವಾಗ ಬಿರುಕು ಬಿಡುತ್ತದೆ. ಹೊಲಕ್ಕೆ ಅದು ಚೆಂದ, ಸೈಡಿಂಗ್‌ಗೆ ಬೇಡ, ಅಲ್ಲಿ ತೆಳ್ಳಗೆ ಹಾಕಿ. ಹಳಿ ಕೆಳಗಿನ ಖಡಿ 50 ಎಂಎಂ ಗಾತ್ರದ್ದು, ಅಂದರೆ ನಿಮಗೆ ಅರ್ಧ ಎಂಎಂಗಿಂತ ಸ್ವಲ್ಪ ಜಾಸ್ತಿ. ಅಂಗಡಿಯ ರೆಡಿ ಖಡಿ ಬಹುತೇಕ ದಪ್ಪ ಇರುತ್ತದೆ, ಜರಡಿ ಹಿಡಿಯಿರಿ.

ಕಂಪೌಂಡ್ ಇಟ್ಟಿಗೆಯದ್ದು ಮಾಡಬೇಡಿ. ಫರ್ಸಿ, ಅಂದರೆ ನಮ್ಮ ಶಹಾಬಾದ್ ಕಲ್ಲಿನ ಚಪ್ಪಡಿ, ನಿಲ್ಲಿಸಿ. ಹಳೆ ಮದುವೆ ಕಾರ್ಡು ಕತ್ತರಿಸಿದರೆ ಸರಿಯಾದ ದಪ್ಪ ಸಿಗುತ್ತದೆ. ತುದಿ ಏರುಪೇರಾಗಿರಲಿ, ನಡುವೆ ಒಂದೆರಡು ಮುರಿದಿರಲಿ, ಬುಡದಲ್ಲಿ ಜಾಲಿ ಗಿಡ. ಸೈಲೋ ನಿಂತ ಮೇಲೆ ಫೋಟೋ ಹಾಕಿ.