2 ಲಕ್ಷ ಇಟ್ಟುಕೊಂಡು ಬ್ಲ್ಯಾಕ್‌ಜಾಕ್: ಅನುಭವ ಇದ್ದವರು ಹೇಳಿ

ಸೇಡಂನಿಂದ ಪ್ರಶ್ನೆ: ಕ್ಯಾಸಿನೊದ ಇಸ್ಪೀಟು ಆಟ ಬ್ಲ್ಯಾಕ್‌ಜಾಕ್‌ಗಾಗಿ ಒಂದು ವರ್ಷ ಮನೆಯಲ್ಲೇ ಎಲೆ ಎಣಿಸುವ, ಅಂದರೆ ಯಾವ ಎಲೆಗಳು ಆಡಿ ಹೋದವು ಎಂದು ಲೆಕ್ಕವಿಡುವ ಅಭ್ಯಾಸ ಮಾಡಿದ್ದೇನೆ, ಈಗ ತಪ್ಪುವುದಿಲ್ಲ. 2 ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ತಿಂಗಳಿಗೊಮ್ಮೆ ಗೋವಾಕ್ಕೆ ಹೋಗಿ 50 ಸಾವಿರ ತರಲು ಆಗುತ್ತದೆಯೇ?

ಕಲಬುರಗಿಯಿಂದ: ತಮ್ಮಾ, ನಾನೂ ಆರು ವರ್ಷ ಎಣಿಸಿದವನು. 2ರಿಂದ 6ರವರೆಗಿನ ಎಲೆಗೆ ಒಂದು ಕೂಡಿಸು, ಹತ್ತು, ಗುಲಾಮ, ರಾಣಿ, ರಾಜ, ಎಕ್ಕಕ್ಕೆ ಒಂದು ಕಳೆ, ಇನ್ನೂ ಹಂಚದೆ ಉಳಿದ ಕಟ್ಟುಗಳ ಸಂಖ್ಯೆಯಿಂದ ಭಾಗಿಸು. ಎಣಿಕೆ ಏರಿದರೆ ಉಳಿದದ್ದರಲ್ಲಿ ದೊಡ್ಡ ಎಲೆ ಹೆಚ್ಚು, ಆಟ ನಿನ್ನ ಕಡೆ ವಾಲುತ್ತದೆ. ಇಷ್ಟನ್ನು ನಮ್ಮ ಗಂಜ್ ಮಾರುಕಟ್ಟೆಯ ಗುಮಾಸ್ತ ವಾರದಲ್ಲಿ ಕಲಿತಾನು.

ಕನಿಷ್ಠ ಪಣ ಸಾವಿರ ರೂಪಾಯಿ, ಎಣಿಕೆ ಏರಿದಾಗ ಎಂಟು ಸಾವಿರ ಎಂದಿಟ್ಟುಕೋ. ನಿಯಮ ಚೆನ್ನಾಗಿದ್ದು ನೀನು ತಪ್ಪದೆ ಆಡಿದರೆ 100 ಆಟಕ್ಕೆ ಸರಾಸರಿ ಲಾಭ ಸಾವಿರ, ಸಾವಿರದ ಐನೂರು. ಅದೇ 100 ಆಟಗಳಲ್ಲಿ ಏರಿಳಿತ ಮಾತ್ರ 30 ಸಾವಿರದ ಆಸುಪಾಸು. ಒಂದೇ ಸಂಜೆ 60 ಸಾವಿರ ಹೋದರೂ ನೀನು ತಪ್ಪಾಡಿದೆ ಎಂದಲ್ಲ. ಈ ಪಣಕ್ಕೆ 10 ಲಕ್ಷವಾದರೂ ಬೇಕು. ನಿನ್ನ 2 ಲಕ್ಷ ಕರಗಲು ಮೂರು ಕೆಟ್ಟ ಪ್ರವಾಸ ಸಾಕು. ಕೂಡುತ್ತ ಹೋಗುವ ಸರಾಸರಿ ಲಾಭ ಏರಿಳಿತಕ್ಕೆ ಸರಿಸಮವಾಗಲು 40ರಿಂದ 90 ಸಾವಿರ ಆಟ ಬೇಕು. ತಿಂಗಳಿಗೆ 600 ಆಟವಾದರೆ ಐದೂವರೆಯಿಂದ ಹನ್ನೆರಡೂವರೆ ವರ್ಷ! ನಾನು ಆರು ವರ್ಷದಲ್ಲಿ ಆಡಿದ್ದು 11 ಸಾವಿರ. ಕಳೆದುಕೊಂಡದ್ದು 90 ಸಾವಿರ ರೂಪಾಯಿ. ಆಟ ಕೆಟ್ಟಿತ್ತೋ, ಗ್ರಹಚಾರವೋ, ನನ್ನ ನೋಟ್‌ಬುಕ್ಕಿಗೂ ಗೊತ್ತಿಲ್ಲ.

ನಮ್ಮ ತಂದೆ ತೊಗರಿ ಬಿತ್ತುವವರು. ಮಳೆ ಕೈಕೊಟ್ಟ ವರ್ಷವೂ ಬೀಜದ ಚೀಲ ಮುಟ್ಟುತ್ತಿರಲಿಲ್ಲ. ನಾನೋ, ಎರಡನೇ ವರ್ಷವೇ ಆಟದ ಹಣದಿಂದ ತಂಗಿಯ ಮದುವೆಗೆ ತೆಗೆದೆ. ಗಂಟು ಅರ್ಧವಾದರೂ ಪಣ ಇಳಿಸಲಿಲ್ಲ. ಮೇಜಿನ ಕನಿಷ್ಠ ಪಣ ಇಳಿಯದಿದ್ದರೆ ಮನೆಯಲ್ಲಿ ಕೂರಬೇಕಿತ್ತು, ಕೂರಲಿಲ್ಲ.

ಬೀದರ್‌ನಿಂದ: ಅಣ್ಣನವರು ತೆರಿಗೆಯನ್ನು ಮರೆತರು. ಗೆದ್ದದ್ದಕ್ಕೆ ಶೇ 30 ತೆರಿಗೆ. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಐದು ಸಲ 30 ಸಾವಿರ ಗೆದ್ದು ನಾಲ್ಕು ಸಲ 30 ಸಾವಿರ ಸೋತರೆ ಕೈಯಲ್ಲಿ ಉಳಿಯುವುದು 30 ಸಾವಿರ, ಕಟ್ಟಬೇಕಾದ ತೆರಿಗೆ 45 ಸಾವಿರ. ಮೇಲಿನ ಸೆಸ್ ಬೇರೆ. ನಾನು ಈ ಲೆಕ್ಕ ಹಾಕಿದ ದಿನವೇ ಬಿಟ್ಟೆ.

ಯಾದಗಿರಿಯಿಂದ: ಹೋಗಿಯೇ ತೀರುತ್ತೇನೆ ಎಂದರೆ ಕೂರುವ ಮುನ್ನ ನಿಂತು ನೋಡು. ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗಳಲ್ಲಿ ಎಕ್ಕ ಮತ್ತು ಹತ್ತರ ಬೆಲೆಯ ಎಲೆ) ಬಂದಾಗ ಎರಡಕ್ಕೆ ಮೂರು ಕೊಡುವ ಬದಲು ಐದಕ್ಕೆ ಆರು ಕೊಡುವ ಮೇಜು ಬೇಡ; ಕ್ಯಾಸಿನೊದ ಪಾಲು ಸುಮಾರು ಶೇ 1.4 ಏರುತ್ತದೆ, ನಿನ್ನ ಎಣಿಕೆಯ ಗಳಿಕೆ ಅಷ್ಟಿಲ್ಲ. ಆಡಿದ ಎಲೆಗಳನ್ನು ಆಗಲೇ ಕಲೆಸುವ ಯಂತ್ರಕ್ಕೆ ಹಾಕುತ್ತಿದ್ದರೆ ಎಣಿಸಲು ಏನೂ ಉಳಿಯುವುದಿಲ್ಲ. ನಾನೊಮ್ಮೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗಿ, ಆ ಯಂತ್ರವನ್ನು ಕಂಡು, ಮಾಂಡವಿ ದಂಡೆಯಲ್ಲಿ ಮೀನೂಟ ಮಾಡಿ ಮರಳಿದೆ. ನಾಲ್ಕು ಸಾವಿರ ಖರ್ಚು. ನನ್ನ ಗೋವಾ ಪ್ರವಾಸಗಳಲ್ಲೇ ಅಗ್ಗದ್ದು ಅದು.