ಸಹಾಯ ಬೇಕು: ತಂಗಿಯ ಹೆರಿಗೆಗೆ ಯಾವ ತಾರೀಖು ನಂಬಬೇಕು?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಇದು ಚೊಚ್ಚಲು. ಕೊನೆಯ ಮುಟ್ಟು ಆಗಿದ್ದು ಜನವರಿ 10ಕ್ಕೆ. ಅಲ್ಲಿಂದ 280 ದಿನ ಎಣಿಸಿ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್‌ನಲ್ಲಿ ಅಕ್ಟೋಬರ್ 17 ಅಂತ ಬರೆದರು. ಒಂಬತ್ತನೇ ವಾರದ ಸ್ಕ್ಯಾನ್‌ನಲ್ಲಿ ಅಕ್ಟೋಬರ್ 27 ಬಂತು. ಡಾಕ್ಟರ್ 17ರ ಮೇಲೆ ಕೆಂಪು ಪೆನ್ನಲ್ಲಿ ಗೀಟು ಹಾಕಿ ಪಕ್ಕದಲ್ಲೇ 27 ಬರೆದರು. ಅವಳಿಗೆ ಮೊದಲಿಂದಲೂ 38 ದಿನಕ್ಕೊಮ್ಮೆ ಮುಟ್ಟು. 280ರ ಲೆಕ್ಕ 28 ದಿನಕ್ಕೊಮ್ಮೆ ಆಗುವವರಿಗೆ. ಹಾಗಾಗಿ ಹತ್ತು ದಿನ ಮುಂದೆ ಹೋಗಿದ್ದು ಸರಿ ಅನ್ನಿಸಿತು.

ಆದರೆ ಮೊನ್ನೆಯ ಸ್ಕ್ಯಾನ್ ರಿಪೋರ್ಟಿನಲ್ಲಿ ಅಕ್ಟೋಬರ್ 21 ಅಂತ ಇದೆ! ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನೇ ಜಾಸ್ತಿ ನಿಖರ, ಆಮೇಲೆ ಮಗುವಿನ ಗಾತ್ರ ನೋಡಿ ತಾರೀಖು ಬದಲಿಸುವುದಿಲ್ಲ ಅಂತ ಓದಿದ್ದೇನೆ. ನಿಮ್ಮ ಡಾಕ್ಟರೂ ಹಾಗೇ ಹೇಳಿದರಾ?

ಇನ್ನೊಂದು. ಅಮ್ಮ ತಿಂಗಳಲ್ಲಿ ಎಣಿಸುತ್ತಾರೆ, ಡಾಕ್ಟರ್ ವಾರದಲ್ಲಿ. ಈಗ 27 ವಾರ ತುಂಬಿದೆ. ಇದು ಏಳನೇ ತಿಂಗಳೇ ಅಲ್ವಾ? ಸೀಮಂತಕ್ಕೆ ದಿನ ನೋಡಬೇಕು. ತಂಗಿ ರಾತ್ರಿ ಕಾರ್ಡ್ ಹಿಡಿದು, ಬೆರಳು ಮಡಚಿ ಎಣಿಸುತ್ತಾ ಕೂರುತ್ತಾಳೆ. ನೋಡಿದರೆ ಸಂಕಟವಾಗುತ್ತದೆ. ಮುಂದಿನ ವಾರ ಚೆಕಪ್‌ನಲ್ಲಿ ಡಾಕ್ಟರನ್ನೂ ಕೇಳುತ್ತೇವೆ. ಅಷ್ಟರಲ್ಲಿ ಅನುಭವ ಇರುವವರು ದಯವಿಟ್ಟು ತಿಳಿಸಿ.